ಬೆಟ್ಟದ ಷರತ್ತು

ಬೆಂಗಳೂರಿನ ಚಂದ್ರಾ ಲೇಔಟ್, ಅತ್ತಿಗುಪ್ಪೆ, ನಾಗರಬಾವಿ ಕಡೆಯಿಂದ ಶುಕ್ರವಾರ ರಾತ್ರಿ ಊಟ ಮುಗಿಸಿ ಹೊರಡುವ ಟೆಂಪೊ ಟ್ರಾವೆಲರ್‌ಗಳ, ಅಂದರೆ ಟಿಟಿಗಳ, ಕಾರ್ಯಕ್ರಮ ಹೆಚ್ಚುಕಡಿಮೆ ಒಂದೇ ಬಗೆಯದು. ಗೊರಗುಂಟೆಪಾಳ್ಯ ದಾಟಿ ತುಮಕೂರು ರಸ್ತೆ, ನೆಲಮಂಗಲದಲ್ಲಿ ಹಾಸನದ ದಾರಿ, ಬೆಳಗಿನ ಜಾವಕ್ಕೆ ಚಿಕ್ಕಮಗಳೂರು. ಶನಿವಾರ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ, ಮಾಣಿಕ್ಯಧಾರಾ. ಭಾನುವಾರ ಕಳಸ, ಹೊರನಾಡು, ಹೊತ್ತು ಉಳಿದರೆ ಕುದುರೆಮುಖದ ಕಡೆಗೊಂದು ಸುತ್ತು. ನಡುರಾತ್ರಿಯ ಹೊತ್ತಿಗೆ ಮತ್ತೆ ಮನೆ. ಸೋಮವಾರ ಬೆಳಿಗ್ಗೆ ಕಚೇರಿ, ಶಾಲೆ. ಈ ಓಡಾಟವನ್ನು ಹೀಗಳೆಯುವುದು ಸುಲಭ, ಆದರೆ ನ್ಯಾಯವಲ್ಲ. ವಾರವಿಡೀ ದುಡಿದವರು ಮಕ್ಕಳಿಗೆ ಒಂದಿಷ್ಟು ಹಸಿರು ತೋರಿಸಬೇಕೆಂದು, ವಯಸ್ಸಾದ ತಾಯಿಗೆ ಹೊರನಾಡಿನ ಅನ್ನಪೂರ್ಣೇಶ್ವರಿಯ ದರ್ಶನ ಮಾಡಿಸಬೇಕೆಂದು ಹೊರಡುವುದರಲ್ಲಿ ದೊಡ್ಡ ಪ್ರೀತಿಯಿದೆ. ಅದನ್ನು ಒಪ್ಪಿಕೊಂಡೇ ಒಂದು ಪ್ರಶ್ನೆ ಕೇಳಬೇಕಾಗಿದೆ. ಎರಡು ದಿನದಲ್ಲಿ ಐದಾರು ಬೆಟ್ಟ ಹತ್ತಿಳಿದು ಬಂದವರು ಯಾವುದಾದರೂ ಒಂದು ಬೆಟ್ಟಕ್ಕೆ ನಿಜವಾಗಿ ಹೋಗಿ ಬಂದರೇ?

ಇದು ಬರೀ ಪ್ರವಾಸೋದ್ಯಮದ ಪ್ರಶ್ನೆಯಾಗಿದ್ದರೆ ಇಷ್ಟು ಯೋಚಿಸಬೇಕಿರಲಿಲ್ಲ. ಕರ್ನಾಟಕದಲ್ಲಿ ದೇವರಿಲ್ಲದ ಬೆಟ್ಟ ಹುಡುಕುವುದು ಕಷ್ಟ. ರಾಜ್ಯದ ಅತಿ ಎತ್ತರದ ಶಿಖರವಾದ, ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಮುಳ್ಳಪ್ಪಸ್ವಾಮಿಯ ಗುಡಿಯಿದೆ. ಬಾಬಾಬುಡನ್‌ಗಿರಿಯ ಗುಹೆಗೆ ದತ್ತಾತ್ರೇಯನನ್ನು ನೆನೆಯುವವರೂ ಬರುತ್ತಾರೆ, ದಾದಾ ಹಯಾತ್‌ರನ್ನು ನಂಬಿದವರೂ ಬರುತ್ತಾರೆ. ಬರೀ ಗಾಳಿ, ಮಂಜು, ಫೋಟೊಗಾಗಿ ಹೊರಟವರೂ ಗುಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೈಮುಗಿಯುತ್ತಾರೆ, ಮಂಗಳಾರತಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಹಣೆಗೆ ಕುಂಕುಮ ಇಟ್ಟುಕೊಂಡು ಮುಂದಿನ ಜಾಗಕ್ಕೆ ಹೊರಡುತ್ತಾರೆ. ಆ ಎರಡು ನಿಮಿಷದ ಅರ್ಥವೇನು ಎಂಬುದು ಧರ್ಮದ ಪ್ರಶ್ನೆಯೇ. ನನ್ನ ವಾದ ಇಷ್ಟು: ನಾವು ಹಾಕದ ಷರತ್ತುಗಳಿಗೆ ಮನಸಾರೆ ಒಪ್ಪಿಕೊಂಡಾಗ ಮಾತ್ರ ಬೆಟ್ಟಕ್ಕೆ ಹೋಗುವುದು ಧಾರ್ಮಿಕ ಕೆಲಸವಾಗುತ್ತದೆ. ಬೆಟ್ಟಕ್ಕೆ ಅದರದೇ ಹೊತ್ತಿದೆ, ಅದರದೇ ಏರಿದೆ, ಅದರದೇ ಹವೆಯಿದೆ. ಪಟ್ಟಿ ಹಿಡಿದು ಓಡುವಾಗ ಷರತ್ತೆಲ್ಲ ನಮ್ಮದೇ ಆಗಿಬಿಡುತ್ತದೆ. ಆಗ ಎಷ್ಟು ಗುಡಿಗಳಲ್ಲಿ ಕೈಮುಗಿದರೂ ನಾವು ನಮ್ಮ ಯೋಜನೆಯ ಒಳಗೇ ಸುತ್ತಾಡಿ ಬಂದಂತೆ.

ಈ ಮಾತಿಗೆ ಆಧಾರ ಬೆಟ್ಟಗಳ ಮೇಲೆಯೇ ಇದೆ. ನಂದಿಬೆಟ್ಟವನ್ನು ನೋಡಿ. ಬೆಟ್ಟದ ಬುಡದಲ್ಲಿ, ನಂದಿ ಗ್ರಾಮದಲ್ಲಿ, ಭೋಗನಂದೀಶ್ವರನಿದ್ದಾನೆ. 9ನೇ ಶತಮಾನದಷ್ಟು ಹಿಂದಕ್ಕೆ ಹೋಗುವ ಗುಡಿ ಅದು. ಕೆತ್ತನೆಯ ಕಂಬಗಳ ಕಲ್ಯಾಣಮಂಟಪ, ಸುತ್ತ ಮೆಟ್ಟಿಲಿಳಿಯುವ ವಿಶಾಲ ಕಲ್ಯಾಣಿ, ಪ್ರಾಕಾರದ ನೆರಳು. 1,478 ಮೀಟರ್ ಎತ್ತರದ ನೆತ್ತಿಯಲ್ಲಿ ಯೋಗನಂದೀಶ್ವರ. ಅಲ್ಲಿ ಕೆಳಗಿನ ವೈಭವವಿಲ್ಲ. ತುಮಕೂರಿನ ಹತ್ತಿರದ ದೇವರಾಯನದುರ್ಗದಲ್ಲೂ ಇದೇ ಏರ್ಪಾಡು, ಕೆಳಗೆ ಭೋಗಾನರಸಿಂಹ, ಮೇಲೆ ಯೋಗಾನರಸಿಂಹ. ಮೇಲುಕೋಟೆಯಲ್ಲಿ ಅಲಂಕಾರಪ್ರಿಯನಾದ ಚೆಲುವನಾರಾಯಣ ಊರೊಳಗೆ, ಯೋಗಾನರಸಿಂಹ ಬೆಟ್ಟದ ತುದಿಗೆ. ಶೈವರದೊಂದು, ವೈಷ್ಣವರದೆರಡು. ಮೂರು ಕಡೆಯೂ ಒಂದೇ ತಿಳಿವಳಿಕೆ ಕೆಲಸ ಮಾಡಿದೆ. ದೇವರಿಗೆ ಎರಡು ನೆಲೆ ಕೊಟ್ಟು, ನಡುವೆ ಒಂದು ಏರನ್ನು ಇಟ್ಟಿದ್ದಾರೆ. ಮನೆಮಠ, ಮಕ್ಕಳುಮರಿ, ಒಡವೆವಸ್ತ್ರದ ಬದುಕಿನಿಂದ ಅದೆಲ್ಲ ಕಳಚಿದ ನಿಲುವಿಗೆ ಹೋಗುವ ದಾರಿಯೇ ಆ ಏರು. ಮೆಟ್ಟಿಲು ಹತ್ತುವಾಗ ಮಾತು ತಾನಾಗಿ ಕಡಿಮೆಯಾಗುತ್ತದೆ, ಉಸಿರಿನ ಸದ್ದು ತನಗೇ ಕೇಳುತ್ತದೆ, ಕೈಯಲ್ಲಿರುವ ಚೀಲ ಹೊರೆ ಅನಿಸುತ್ತದೆ. ಯಾರೂ ಉಪದೇಶ ಮಾಡದೆಯೇ ದೇಹ ಒಂದು ಪಾಠ ಓದುತ್ತದೆ. ಸೂರ್ಯೋದಯಕ್ಕೆಂದು ನಂದಿಯ ನೆತ್ತಿಗೆ ನೇರವಾಗಿ ವಾಹನ ಓಡಿಸಿ, ಎಂಟು ಗಂಟೆಗೆ ಇಳಿದು ಮುಂದಿನ ಜಾಗಕ್ಕೆ ಹೊರಟವರು ಮೇಲಿನ ಗುಡಿಯನ್ನು ನೋಡಿರಬಹುದು. ಆದರೆ ಆ ಗುಡಿ ಏಕೆ ಮೇಲಿದೆ ಎಂಬುದನ್ನು ಹೇಳುವ ದಾರಿ ಅವರ ಪಾಲಿಗೆ ಇಲ್ಲವಾಯಿತು.

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಷರತ್ತು ಇನ್ನೂ ನೇರವಾಗಿದೆ. ಚಪ್ಪಲಿ ಕೆಳಗೇ ಬಿಡಬೇಕು. ಬಂಡೆಯಲ್ಲೇ ಕೊರೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಬರಿಗಾಲಲ್ಲಿ ಏರಬೇಕು. ಮಧ್ಯಾಹ್ನದ ಬಿಸಿಲಿಗೆ ಕಾದ ಬಂಡೆ ಅಂಗಾಲನ್ನು ಸುಡುತ್ತದೆ. ಆದ್ದರಿಂದ ಬಲ್ಲವರು ಬೆಳಗಿನ ತಂಪಿನಲ್ಲಿ ಹತ್ತುತ್ತಾರೆ. ಹತ್ತುವ ಹೊತ್ತನ್ನು ಬಂಡೆ ಗೊತ್ತುಮಾಡುತ್ತದೆ, ನಮ್ಮ ಕಾರ್ಯಕ್ರಮವಲ್ಲ. ಎಲ್ಲವನ್ನೂ ಬಿಟ್ಟು ನಿಂತ ಗೊಮ್ಮಟನನ್ನು ಕಾಣಲು ಹೋಗುವವರು ಮೊದಲು ಬಿಡುವುದು ಕಾಲಿನ ಚಪ್ಪಲಿಯನ್ನು. ಸಣ್ಣ ತ್ಯಾಗ, ಆದರೆ ಅದೇ ಮೊದಲ ಮೆಟ್ಟಿಲು. ದಾಬಸ್‌ಪೇಟೆಯ ಹತ್ತಿರದ ಶಿವಗಂಗೆಯಲ್ಲಿ ಇನ್ನೊಂದು ಬಗೆ. ಗುಹೆಯೊಳಗೆ ಬಗ್ಗಿ ನಡೆದು ಒಳಕಲ್ಲು ತೀರ್ಥದ ಬಳಿ ಕೂತು, ಒರಳಿನಂಥ ಕಲ್ಲಿನ ಕುಳಿಗೆ ತೋಳು ಇಳಿಬಿಡುತ್ತಾರೆ. ಒಳಗೆ ಕತ್ತಲು, ಬೆರಳಿಗೆ ತಣ್ಣನೆಯ ಕಲ್ಲು. ಪುಣ್ಯವಿದ್ದವರ ಕೈಗೆ ಗಂಗೆ ಸಿಗುತ್ತಾಳೆ ಎಂಬುದು ನಂಬಿಕೆ. ಕುಳಿಯಲ್ಲಿ ನೀರು ಏರಿಳಿಯುವುದಕ್ಕೆ ಭೂಗರ್ಭದ ಕಾರಣ ಏನೇ ಇರಲಿ, ಆ ಆಚರಣೆಯ ಒಳಗಿನ ವಿವೇಕ ದೊಡ್ಡದು. ಇಷ್ಟು ದೂರ ಬಂದರೂ, ಇಷ್ಟು ಎತ್ತರ ಹತ್ತಿದರೂ, ನೀರು ಸಿಗುವುದು ನಿನ್ನ ಹಕ್ಕಲ್ಲ ಎಂದು ಅದು ಹೇಳುತ್ತದೆ. ಕೈಗೆ ನೀರು ತಾಗಿದರೆ ಕೊಟ್ಟದ್ದು, ತಾಗದಿದ್ದರೆ ಇನ್ನೊಮ್ಮೆ ಬರಬೇಕಾದದ್ದು. ಪಟ್ಟಿಯ ಪ್ರವಾಸದಲ್ಲಿ ಇನ್ನೊಮ್ಮೆ ಬರುವ ಮಾತೇ ಇಲ್ಲ. ಒಮ್ಮೆ ಕವರ್ ಆದ ಜಾಗ ಮುಗಿದ ಜಾಗ.

ಬೆಟ್ಟದ ಹೊತ್ತು ಇನ್ನೂ ದೀರ್ಘವಾದದ್ದು. ಮುಳ್ಳಯ್ಯನಗಿರಿಯಿರುವ ಚಂದ್ರದ್ರೋಣ ಪರ್ವತದ ಹುಲ್ಲುಗಾವಲಿನಲ್ಲಿ ನೀಲಕುರಿಂಜಿ 12 ವರ್ಷಕ್ಕೊಮ್ಮೆ ಅರಳುತ್ತದೆ. 2022ರಲ್ಲಿ ಅರಳಿದಾಗ ರಾಜ್ಯದ ಎಲ್ಲ ಮೂಲೆಯಿಂದ ಜನ ಹೋದರು. ಗೊಮ್ಮಟನ ಮಹಾಮಸ್ತಕಾಭಿಷೇಕವೂ 12 ವರ್ಷಕ್ಕೊಮ್ಮೆ ಎಂಬ ಕ್ರಮದಲ್ಲೇ 2006ರಲ್ಲಿ, 2018ರಲ್ಲಿ ನಡೆಯಿತು. ಗಿಡ ತನ್ನ ಲೆಕ್ಕದಲ್ಲಿ ಕಾಯುತ್ತದೆ, ಶ್ರಾವಕರು ತಮ್ಮ ಲೆಕ್ಕದಲ್ಲಿ ಕಾಯುತ್ತಾರೆ. ಕಾದ ವರ್ಷಗಳೂ ಆ ಉತ್ಸವದ ಭಾಗವೇ. ಮಗುವಾಗಿದ್ದಾಗ ಒಮ್ಮೆ, ಮದುವೆಯಾದ ಮೇಲೆ ಒಮ್ಮೆ, ಮೊಮ್ಮಕ್ಕಳ ಕೈಹಿಡಿದು ಒಮ್ಮೆ ನೋಡುವವರಿಗೆ ಅದು ಒಂದು ಇಡೀ ಆಯುಸ್ಸಿನ ಅಳತೆ. ದಿನದ ಮಟ್ಟದಲ್ಲೂ ಇದೇ ಮಾತು ನಿಜ. ಮುಳ್ಳಯ್ಯನಗಿರಿಯ ಮೇಲೆ ಮಂಜು ಕವಿದರೆ ಹತ್ತಡಿ ಮುಂದಿನ ಮನುಷ್ಯ ಕಾಣುವುದಿಲ್ಲ. ಒಂದೇ ಬೆಟ್ಟಕ್ಕೆಂದು ಬಂದವರು ಕಟ್ಟೆಯ ಮೇಲೆ ಕೂತು ಕಾಯುತ್ತಾರೆ. ಅರ್ಧ ಗಂಟೆಗೋ ಒಂದು ಗಂಟೆಗೋ ಗಾಳಿ ತಿರುಗಿ ಕಣಿವೆ ತೆರೆಯಬಹುದು, ತೆರೆಯದೆಯೂ ಇರಬಹುದು. ಮುಂದೆ ನಾಲ್ಕು ಜಾಗ ಬಾಕಿಯಿರುವವರಿಗೆ ಮಂಜು ಅಡ್ಡಿಯಾಗಿ ಕಾಣುತ್ತದೆ. ಏನೂ ಕಾಣಿಸಲಿಲ್ಲ, ಬಂದದ್ದು ದಂಡ ಎಂದು ಇಳಿಯುತ್ತಾರೆ. ಆದರೆ ಮಂಜು ಬೆಟ್ಟವನ್ನು ಮರೆಮಾಡಿದ್ದಲ್ಲ, ಆ ಹೊತ್ತಿಗೆ ಮಂಜೇ ಬೆಟ್ಟ.

ಈ ಮನೋಭಾವ ಬೆಂಗಳೂರಿನವರದು ಮಾತ್ರವಲ್ಲ. ಹಿಮ ಬೀಳುವ ದೇಶಗಳಲ್ಲಿ ವಾರಾಂತ್ಯಕ್ಕೆ ಒಂದು ಸ್ಕೀ ರೆಸಾರ್ಟ್‌ನಿಂದ ಇನ್ನೊಂದಕ್ಕೆ ಹೋಗುವುದು ಹಳೆಯ ರೂಢಿ. 2008ರಲ್ಲಿ ಅಮೆರಿಕದಲ್ಲಿ ಬಂದ ಎಪಿಕ್ ಪಾಸ್ ಒಂದೇ ಟಿಕೆಟಿನಲ್ಲಿ ಹಲವು ಪರ್ವತಗಳ ಜಾರುದಾರಿಗಳನ್ನು ತೆರೆದಿಟ್ಟಿತು. ಹಿಮ ಬೀಳದಿದ್ದರೆ ಯಂತ್ರಗಳು ಹಿಮ ತಯಾರಿಸುತ್ತವೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಹೆಚ್ಚುಕಡಿಮೆ ಪೂರ್ತಿಯಾಗಿ ಕೃತಕ ಹಿಮದ ಮೇಲೆಯೇ ನಡೆಯಿತು. ಆ ಆಟದಲ್ಲಿ ಧೈರ್ಯವಿದೆ, ವರ್ಷಗಟ್ಟಲೆಯ ಅಭ್ಯಾಸವಿದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಋತುವನ್ನೇ ಯಂತ್ರದಿಂದ ತರಿಸಿಕೊಂಡ ಮೇಲೆ ಪರ್ವತಕ್ಕೆ ತನ್ನದೆಂಬ ಮಾತು ಉಳಿಯುವುದಿಲ್ಲ. ಅದಕ್ಕೆ ಪೂರ್ತಿ ಎದುರಿನ ತುದಿಯಲ್ಲಿ ಕೈಲಾಸವಿದೆ. ಅದರ ತುದಿಗೆ ಯಾರೂ ಹತ್ತುವುದಿಲ್ಲ. ಹಿಂದೂಗಳು, ಬೌದ್ಧರು, ಜೈನರು, ಟಿಬೆಟ್ಟಿನ ಬೊನ್ ಪಂಥದವರು ಸುಮಾರು 52 ಕಿಲೋಮೀಟರ್ ನಡೆದು ಸುತ್ತು ಬರುತ್ತಾರೆ. ಪ್ರಪಂಚದ ಅತಿ ಪೂಜ್ಯ ಶಿಖರಗಳಲ್ಲಿ ಒಂದನ್ನು ಕಾಣುವ ಕ್ರಮ ಅದನ್ನು ಮುಟ್ಟದಿರುವುದು. ಆ ಹಿಂಜರಿಕೆಯಲ್ಲೇ ಭಕ್ತಿಯ ತಿರುಳಿದೆ.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ, ಅದು ಗಟ್ಟಿಯಾದದ್ದು. ಹಲವು ಕ್ಷೇತ್ರಗಳನ್ನು ಒಂದೇ ದಿನ ನೋಡುವ ಪದ್ಧತಿ ನಮ್ಮ ಸಂಪ್ರದಾಯದಲ್ಲೇ ಇದೆಯಲ್ಲ? ಕದರಮಂಡಲಗಿಯ ಕಾಂತೇಶ, ಶಿಕಾರಿಪುರದ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶ, ಈ ಮೂವರು ಹನುಮಂತರನ್ನು ಒಂದೇ ದಿನ ಕಂಡರೆ ವಿಶೇಷ ಪುಣ್ಯ ಎಂದು ಹಾವೇರಿ, ಶಿವಮೊಗ್ಗ ಸೀಮೆಯ ಜನ ನಂಬುತ್ತಾರೆ. ತಲಕಾಡಿನ ಪಂಚಲಿಂಗ ದರ್ಶನದಲ್ಲಿ ಐದು ಲಿಂಗಗಳನ್ನು ಒಂದೇ ದಿನ ನೋಡಬೇಕೆಂಬುದೇ ನಿಯಮ. ಮಲೆ ಮಹದೇಶ್ವರನಿಗಂತೂ ಎಪ್ಪತ್ತೇಳು ಮಲೆ. ಹಾಗಿದ್ದ ಮೇಲೆ ಐದು ಗಿರಿಗಳ ಟಿಟಿ ಪ್ರವಾಸ ಮಾಡಿದ ತಪ್ಪೇನು? ಈ ಆಕ್ಷೇಪವನ್ನು ಸರಿಯಾಗಿ ಎದುರಿಸಿದರೆ ವಾದ ಇನ್ನಷ್ಟು ಸ್ಪಷ್ಟವಾಗುತ್ತದೆ. ತಪ್ಪು ಎಣಿಕೆಯಲ್ಲಿಲ್ಲ, ವೇಗದಲ್ಲೂ ಇಲ್ಲ. ಮೂರು ಹನುಮರನ್ನು ನೋಡಲು ಹೊರಟವರು ಮೂರು ದೇವರನ್ನು ನೋಡುವುದಿಲ್ಲ, ಒಬ್ಬನೇ ದೇವರನ್ನು ಮೂರು ನೆಲೆಯಲ್ಲಿ ನೋಡುತ್ತಾರೆ. ಬೆಳಿಗ್ಗೆ ಮನಸ್ಸಿನಲ್ಲಿ ಹೊತ್ತು ಹೊರಟ ಹರಕೆ ಸಂಜೆಯವರೆಗೂ ಅದೇ ಆಗಿರುತ್ತದೆ. ತಲಕಾಡಿನಲ್ಲಿ ದಿನವನ್ನು ಗೊತ್ತುಮಾಡುವುದು ಪಂಚಾಂಗ. 2013ರ ನಂತರ ಮತ್ತೆ ಅದು ಒದಗಿದ್ದು 2020ರಲ್ಲಿ. ಎರಡನೇ ಶನಿವಾರ ರಜೆ ಇದೆಯೆಂದು ಅದು ಒದಗಿ ಬರುವುದಿಲ್ಲ.

ಮಹದೇಶ್ವರನ ಒಕ್ಕಲು ಶಿವರಾತ್ರಿಗೆ ಕಾವೇರಿ ದಾಟಿ, ಉಘೇ ಉಘೇ ಎನ್ನುತ್ತ ಕಾಡಿನ ದಾರಿಯಲ್ಲಿ ನಡೆದು ಹೋಗುತ್ತಾರೆ. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ದಿನಗಟ್ಟಲೆ ನಡೆದು ಹೋಗುವ ಪಾದಯಾತ್ರೆಯವರೂ ದಾರಿಯಲ್ಲಿ ಎಷ್ಟೋ ಊರು, ಗುಡ್ಡ, ಘಟ್ಟ ದಾಟುತ್ತಾರೆ. ಅವರಿಗೆ ಒಂದು ಮಲೆ ಇನ್ನೊಂದರ ದಾರಿ, ಒಂದನ್ನು ತುಳಿಯದೆ ಇನ್ನೊಂದು ಸಿಗುವುದಿಲ್ಲ. ಕಥೆ, ಹರಕೆ, ನಡಿಗೆ, ತಿಥಿ, ಇವು ಆ ಹಲವನ್ನು ಒಂದಾಗಿ ಹೊಲಿಯುವ ದಾರ. ಹೂವು ಎಷ್ಟಿದ್ದರೂ ದಾರವಿದ್ದರೆ ಮಾಲೆ. ನಮ್ಮ ವಾರಾಂತ್ಯದ ಪಟ್ಟಿಯಲ್ಲಿ ಮುಳ್ಳಯ್ಯನಗಿರಿಯನ್ನೂ ಹೊರನಾಡನ್ನೂ ಕೂಡಿಸುವುದು ಯಾವುದು? ಡಾಂಬರು ರಸ್ತೆ ಮತ್ತು ಭಾನುವಾರ ರಾತ್ರಿಯೊಳಗೆ ಮನೆ ಸೇರಬೇಕೆಂಬ ಅವಸರ, ಅಷ್ಟೆ. ಹೀಗಾಗಿ ಪ್ರತಿ ಜಾಗವೂ ಹಿಂದಿನದನ್ನು ಅಳಿಸುತ್ತದೆ. ಒಂದು ಗುಡಿಯಲ್ಲಿ ನಿಂತಾಗ ಮನಸ್ಸು ಮುಂದಿನ ಗುಡಿಯ ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ ಎಂದು ಲೆಕ್ಕ ಹಾಕುತ್ತಿರುತ್ತದೆ. ದೇವರ ಮುಂದೆ ನಿಂತು ಬೇರೆ ದೇವರ ಸಮಯ ನೋಡುವ ಈ ಸ್ಥಿತಿಯನ್ನು ಮೂರು ಹನುಮರ ಯಾತ್ರೆಯ ಜೊತೆಗೆ ಇಟ್ಟು ತೂಗಲಾಗದು.

ಎರಡನೆಯ ಆಕ್ಷೇಪ ಶರಣರ ಕಡೆಯಿಂದ ಬರುತ್ತದೆ. ದೇಹವೇ ದೇಗುಲ, ಅರಿವೇ ಗುರು ಎಂದ ಮೇಲೆ ಬೆಟ್ಟದ ಗೊಡವೆ ಏಕೆ? ಮನಸ್ಸು ಶುದ್ಧವಾಗಿದ್ದರೆ ಚಂದ್ರಾ ಲೇಔಟಿನ ಬಾಡಿಗೆ ಮನೆಯ ಕೋಣೆಯಲ್ಲೇ ಎಲ್ಲವೂ ಇದೆ, ಇಲ್ಲದಿದ್ದರೆ ಒಂದು ಬೆಟ್ಟವಾದರೂ ಅಷ್ಟೆ, ಐದಾದರೂ ಅಷ್ಟೆ. ಬಸವಣ್ಣನವರು ನಿಂತ ಕಲ್ಲಿಗಿಂತ ನಡೆದಾಡುವ ಜೀವವನ್ನು ಮೇಲೆ ಇಟ್ಟದ್ದು, ತೀರ್ಥಯಾತ್ರೆಯ ಲೆಕ್ಕದಿಂದ ಪುಣ್ಯ ಕೂಡುತ್ತದೆಂಬ ಎಣಿಕೆಯನ್ನು 12ನೇ ಶತಮಾನದ ವಚನಕಾರರು ಕಟುವಾಗಿ ಪ್ರಶ್ನಿಸಿದ್ದು ನಿಜ. ಆದರೆ ಅದೇ ಶರಣರಲ್ಲಿ ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಹೋದಳು. ಮರಳಿ ಬರಲಿಲ್ಲ. ಸಿದ್ಧರಾಮ ಬಾಲಕನಾಗಿದ್ದಾಗಲೇ ಮಲ್ಲಯ್ಯನನ್ನು ಹುಡುಕುತ್ತ ಶ್ರೀಶೈಲಕ್ಕೆ ಹೋದನೆಂದು ರಾಘವಾಂಕ ತನ್ನ ಸಿದ್ಧರಾಮ ಚಾರಿತ್ರದಲ್ಲಿ ಹೇಳುತ್ತಾನೆ. ಶರಣರು ಬಿಟ್ಟದ್ದು ಬೆಟ್ಟವನ್ನಲ್ಲ, ಬೆಟ್ಟಗಳ ಲೆಕ್ಕವನ್ನು. ಅಂತರಂಗ ಮುಖ್ಯ ಎಂಬ ಮಾತು ಪಟ್ಟಿಯ ಪ್ರವಾಸಕ್ಕೆ ರಕ್ಷಣೆ ಕೊಡುವುದಿಲ್ಲ, ಅದಕ್ಕೆ ಇರುವ ಅತಿ ದೊಡ್ಡ ಟೀಕೆಯೇ ಅದು. ಹಾಗೆಂದು ಅಂತರಂಗ ಗಾಳಿಯಲ್ಲಿ ಬೆಳೆಯುವುದೂ ಇಲ್ಲ. ನಮ್ಮ ಇಷ್ಟಾನಿಷ್ಟಕ್ಕೆ ಬಗ್ಗದ ಯಾವುದೋ ಒಂದರ ಎದುರು ನಿಂತಾಗ ಅದು ಪಕ್ವವಾಗುತ್ತದೆ. ಪೇಟೆಯಲ್ಲಿ ಹೆಚ್ಚಿನದೆಲ್ಲ ನಮ್ಮ ಬೆರಳ ತುದಿಗೆ ಬಗ್ಗುತ್ತಿದೆ. ಊಟ, ಸಾಮಾನು, ವಾಹನ, ಮನರಂಜನೆ ಕೇಳಿದ ಕ್ಷಣಕ್ಕೆ ಬಾಗಿಲಿಗೆ ಬರುತ್ತವೆ. ಹೀಗಿರುವಾಗ ಬಾಗಿಲಿಗೆ ಬಾರದ, ನಾವೇ ಹೋಗಬೇಕಾದ, ಹೋದ ಮೇಲೂ ನಮ್ಮ ಮಾತು ಕೇಳದ ಬೆಟ್ಟ ಹಿಂದಿಗಿಂತ ಇಂದು ಹೆಚ್ಚು ಬೇಕಾಗಿದೆ.

ಮೂರನೆಯ ಆಕ್ಷೇಪ ಹೃದಯಕ್ಕೆ ತಟ್ಟುವಂಥದ್ದು. ನಿಧಾನವಾಗಿ ಹೋಗಿ, ಕಾದು ಕೂತು ಬರುವುದು ಬಿಡುವಿದ್ದವರ ಮಾತು. ವರ್ಷದಲ್ಲಿ ಎರಡೋ ಮೂರೋ ಸಲ ರಜೆ ಹೊಂದಿಸಿಕೊಂಡು, ಇಎಂಐ ಕಟ್ಟಿ ಉಳಿದ ದುಡ್ಡಿನಲ್ಲಿ ಹೊರಡುವ ಮಧ್ಯಮ ವರ್ಗದ ಮನೆಯವರು ಒಂದೇ ಖರ್ಚಿನಲ್ಲಿ ಆದಷ್ಟು ನೋಡಿ ಬರೋಣ ಎಂದರೆ ಅದರಲ್ಲಿ ತಪ್ಪು ಹುಡುಕುವುದು ಹೇಗೆ? ಹೊತ್ತು ಕಡಿಮೆ ಎಂಬುದು ನಿಜವಾದ ಕಷ್ಟ. ಆದರೆ ಅದರಿಂದ ಹುಟ್ಟಬೇಕಾದ ತೀರ್ಮಾನ ಬೇರೆ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸುಮಾರು 245 ಕಿಲೋಮೀಟರ್, ಅಲ್ಲಿಂದ ಹೊರನಾಡಿಗೆ ತಿರುವಿನ ದಾರಿಯಲ್ಲಿ ಸುಮಾರು 100, ಮರಳಿ ಬರಲು 300ಕ್ಕೂ ಮೇಲೆ. ಮಕ್ಕಳು ಕಿಟಕಿಗೆ ಒರಗಿ ನಿದ್ದೆ ಮಾಡುತ್ತಾರೆ, ಹಿರಿಯರಿಗೆ ಸೊಂಟ ಹಿಡಿಯುತ್ತದೆ, ಎರಡು ರಾತ್ರಿ ಸರಿಯಾಗಿ ಕಣ್ಣು ಮುಚ್ಚದ ಚಾಲಕ ಘಟ್ಟದ ತಿರುವುಗಳಲ್ಲಿ ಹನ್ನೆರಡು ಜನರ ಪ್ರಾಣ ಹೊತ್ತು ಓಡಿಸುತ್ತಾನೆ. ಎರಡೇ ದಿನ ಇರುವಾಗ ಅದರ ಬಹುಪಾಲನ್ನು ಸೀಟಿನ ಮೇಲೆ ಕಳೆಯುವುದು ಇದ್ದ ಸ್ವಲ್ಪವನ್ನೂ ರಸ್ತೆಗೆ ಕೊಟ್ಟಂತೆ. ಹೊತ್ತು ಕಡಿಮೆ ಇರುವವರಿಗೇ ಒಂದು ಬೆಟ್ಟ ಸಾಕು ಎಂಬ ಮಾತು ಹೆಚ್ಚು ಹೊಂದುತ್ತದೆ. ಚಂದ್ರಾ ಲೇಔಟಿನಿಂದ ಮಾಗಡಿ ರಸ್ತೆಯಲ್ಲಿ ಹೊರಟರೆ ಸಾವನದುರ್ಗ, ತುಮಕೂರು ರಸ್ತೆಯಲ್ಲಿ ಶಿವಗಂಗೆ, ಇನ್ನೂ ಸ್ವಲ್ಪ ಮುಂದೆ ದೇವರಾಯನದುರ್ಗ. ಎಲ್ಲವೂ ಎರಡು ಗಂಟೆಯ ಆಸುಪಾಸಿನ ದಾರಿ. ಕಡಿಮೆ ಖರ್ಚು, ಒಂದು ಇಡೀ ಹಗಲು, ಬುಡದಿಂದ ನೆತ್ತಿಯವರೆಗೆ.

ಹಾಗಾದರೆ ಕಾಲುನೋವಿನ ಅಜ್ಜಿ, ಗಾಲಿಕುರ್ಚಿಯಲ್ಲಿರುವ ಮಗ, ಉಬ್ಬಸದ ಮನುಷ್ಯ ಇವರಿಗೆ ಬೆಟ್ಟದ ದೇವರು ಇಲ್ಲವೇ? ಮೆಟ್ಟಿಲನ್ನು ಇಷ್ಟು ಹೊಗಳುವುದು ಕಷ್ಟವನ್ನೇ ಪುಣ್ಯವೆಂದು ಹೇಳಿದಂತಾಗುವುದಿಲ್ಲವೇ? ಆಗುತ್ತಿತ್ತು, ಷರತ್ತು ಎಂದರೆ ನೋವು ಎಂದು ಹೇಳಿದ್ದರೆ. ಬೆಟ್ಟ ಕೇಳುವುದು ನೋವನ್ನಲ್ಲ, ಒಪ್ಪಿಗೆಯನ್ನು. ಇದಕ್ಕೆ ಉತ್ತರವನ್ನು ಹಿರಿಯರು ಬುಡದಲ್ಲೇ ಕಟ್ಟಿಟ್ಟಿದ್ದಾರೆ. ಕೆಳಗಿನ ಭೋಗಾನರಸಿಂಹ ಮೇಲಿನ ಯೋಗಾನರಸಿಂಹನಿಗಿಂತ ಒಂದು ಗುಲಗಂಜಿಯೂ ಕಡಿಮೆಯ ದೇವರಲ್ಲ. ಹತ್ತಲಾರದ ಅಜ್ಜಿ ಕೆಳಗಿನ ಗುಡಿಯ ಜಗಲಿಯ ಮೇಲೆ ಕೂತು, ಮೇಲೆ ಹೋದವರು ಇಳಿದು ಬರುವವರೆಗೆ ಹೂ ಕಟ್ಟುತ್ತಲೋ ಹೆಸರು ಹೇಳುತ್ತಲೋ ಇದ್ದರೆ, ಆಕೆ ತನ್ನ ದೇಹ ಹಾಕಿದ ಷರತ್ತಿಗೂ ಬೆಟ್ಟ ಹಾಕಿದ ಷರತ್ತಿಗೂ ಒಟ್ಟಿಗೆ ಒಪ್ಪಿದ್ದಾಳೆ. ಆಕೆಯ ಯಾತ್ರೆಯಲ್ಲಿ ಏನೂ ಕೊರತೆಯಿಲ್ಲ. ಮೇಲಕ್ಕೆ ವಾಹನದಲ್ಲಿ ಹೋಗಿ ಗುಡಿಯ ಅಂಗಳದಲ್ಲಿ ಅರ್ಧ ದಿನ ಕೂತವರ ಯಾತ್ರೆಯಲ್ಲೂ ಇಲ್ಲ. ಕೊರತೆ ಇರುವುದು, ಹತ್ತುವ ಶಕ್ತಿಯೂ ಕೂರುವ ಹೊತ್ತೂ ಇದ್ದು ಎರಡನ್ನೂ ಪಟ್ಟಿಗೆ ಒಪ್ಪಿಸಿಬಿಟ್ಟವರಲ್ಲಿ.

ಇನ್ನೊಂದು ಮಾತು ಬೆಟ್ಟದ ಊರುಗಳ ಕಡೆಯಿಂದ ಕೇಳುತ್ತದೆ. ಜೀಪು ಓಡಿಸುವವರು, ಹೋಮ್‌ಸ್ಟೇ ನಡೆಸುವವರು, ಮೆಕ್ಕೆಜೋಳ ಸುಟ್ಟು ಮಾರುವವರು ಬದುಕುವುದು ಈ ವಾರಾಂತ್ಯದ ಜನರಿಂದಲೇ. ಜನ ಬರುವುದು ಬೇಡ ಎಂದು ಯಾರೂ ಹೇಳುತ್ತಿಲ್ಲ. ಒಂದೇ ಊರಿನಲ್ಲಿ ಉಳಿದು, ಅಲ್ಲಿಯೇ ಉಂಡು, ಅಲ್ಲಿಯವರೊಂದಿಗೆ ಮಾತಾಡಿ ಬರುವ ಕುಟುಂಬ ಆ ಊರಿಗೆ ಹೊರೆಯಾಗುವುದಿಲ್ಲ. ಹೊರೆಯಾಗುವುದು ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ತುದಿಗೆ ನುಗ್ಗುವ ಅವಸರ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಕಾಲುದಾರಿಯಲ್ಲಿ ಜನ ಸಂತೆಯ ಹಾಗೆ ಸಾಲುಗಟ್ಟಿದ ಚಿತ್ರಗಳನ್ನು ನಾಡೆಲ್ಲ ನೋಡಿತು. ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆಮೇಲೆ ಆನ್‌ಲೈನ್‌ನಲ್ಲಿ ಹೆಸರು ಬರೆಸಿದವರಿಗಷ್ಟೇ ದಿನಕ್ಕೆ 300 ಮಂದಿಯ ಮಿತಿಯೊಳಗೆ ಅವಕಾಶ ಕೊಟ್ಟಿತು. ನಿಯಮ ಬೇಕಿತ್ತು, ಬಂತು. ಆದರೆ ಇದರಲ್ಲಿ ನಾವು ಯೋಚಿಸಬೇಕಾದ ಸಂಗತಿಯೊಂದಿದೆ. ಹಿಂದೆ ಬೆಟ್ಟಕ್ಕೆ ಹೋಗುವವರ ಮಿತಿಯನ್ನು ವ್ರತ ಕಾಯುತ್ತಿತ್ತು. ಮಾಲೆ ಹಾಕಿ 41 ದಿನ ನಿಷ್ಠೆಯಿಂದಿದ್ದು ಶಬರಿಮಲೆಗೆ ಹೋಗುವ ಪದ್ಧತಿ ನಮ್ಮ ಬಡಾವಣೆಗಳಲ್ಲಿ ಇಂದಿಗೂ ಇದೆ. ಆ ಮಿತಿಯನ್ನು ಮನುಷ್ಯ ತನಗೆ ತಾನೇ ಹಾಕಿಕೊಳ್ಳುತ್ತಾನೆ. ಒಳಗಿನ ಮಿತಿ ಸಡಿಲವಾದ ಕಡೆ ಹೊರಗಿನ ಗೇಟು, ಸ್ಲಾಟು, ಚೆಕ್‌ಪೋಸ್ಟು ಬರುತ್ತವೆ. ಗೇಟು ಜನರನ್ನು ಎಣಿಸಬಲ್ಲದು, ಯಾರ ಮನಸ್ಸನ್ನೂ ಅಣಿಗೊಳಿಸಲಾರದು.

ಷರತ್ತಿಗೆ ಒಪ್ಪಬೇಕಾದದ್ದು ಏಕೆ ಎಂಬುದಕ್ಕೆ ಕೊನೆಯ ಕಾರಣ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಕಾರಣ, ಋಣ. ಬೆಟ್ಟಕ್ಕೂ ನಮಗೂ ಸಂಬಂಧ ಶನಿವಾರ ಬೆಳಿಗ್ಗೆ ಶುರುವಾಗುವುದಿಲ್ಲ. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿದ ಕಾವೇರಿ, ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಬಳಿ ಹುಟ್ಟಿ ಕೃಷ್ಣರಾಜಸಾಗರದಲ್ಲಿ ಅವಳನ್ನು ಕೂಡುವ ಹೇಮಾವತಿ, ಇವರ ನೀರು ತೊರೆಕಾಡನಹಳ್ಳಿಗೆ ಬಂದು, ಅಲ್ಲಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಾಗಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಏರಿ ಬೆಂಗಳೂರಿಗೆ ಬರುತ್ತದೆ. ಚಂದ್ರಾ ಲೇಔಟಿನ ಮನೆಯಲ್ಲಿ ಬೆಳಿಗ್ಗೆ ಕಾಫಿಗೆ ಇಟ್ಟ ನೀರು ಆ ಬೆಟ್ಟಗಳ ಹುಲ್ಲುಗಾವಲು, ಶೋಲಾ ಕಾಡುಗಳು ಮಳೆಗಾಲದಲ್ಲಿ ಹೀರಿಟ್ಟು ಬೇಸಗೆಯವರೆಗೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಟ್ಟ ನೀರು. ಕಾಫಿಯೂ ಬಾಬಾಬುಡನ್ ತಂದು ನೆಟ್ಟರೆಂದು ಹೇಳುವ ಬೀಜಗಳ ವಂಶದ್ದು. ಬೆಟ್ಟ ದಿನವೂ ನಮ್ಮ ಮನೆಗೆ ಬರುತ್ತಿದೆ. ನಾವು ಅಲ್ಲಿಗೆ ಹೋಗುವುದು ಸಾಲಗಾರರಾಗಿ. ಸಾಲ ಕೊಟ್ಟವರ ಮನೆಗೆ ಹೋದವರು ಅಂಗಳದಲ್ಲಿ ನಿಂತು ಪಟ ತೆಗೆಸಿಕೊಂಡು ಓಡುವುದಿಲ್ಲ, ಕೂತು ಕುಶಲ ಕೇಳುತ್ತಾರೆ. ಹುಲ್ಲುಗಾವಲಿನ ಮೇಲೆ ಚಕ್ರ ಹತ್ತಿಸುವುದು, ಝರಿಯ ಪಕ್ಕ ಪ್ಲಾಸ್ಟಿಕ್ ಬಿಟ್ಟು ಬರುವುದು ಅಶಿಸ್ತು ಮಾತ್ರವಲ್ಲ, ಧಾರ್ಮಿಕವಾಗಿಯೇ ಪ್ರಮಾದ. ಮೇಲಿನ ಗುಡಿಯಲ್ಲಿ ತೀರ್ಥ ತೆಗೆದುಕೊಂಡು ಕೆಳಗೆ ಆ ತೀರ್ಥದ ಮೂಲವನ್ನೇ ಕೆಡಿಸಿದಂತೆ.

ಶ್ರೀಶೈಲಕ್ಕೆ ಹೋದ ಸಿದ್ಧರಾಮ ಅಲ್ಲೇ ಉಳಿಯಲಿಲ್ಲ, ಇನ್ನೊಂದು ಗಿರಿಯನ್ನು ಹುಡುಕಿಕೊಂಡೂ ಹೋಗಲಿಲ್ಲ. ಸೊನ್ನಲಿಗೆಗೆ, ಇಂದಿನ ಸೊಲ್ಲಾಪುರಕ್ಕೆ, ಮರಳಿ ಬಂದು ಜನರನ್ನು ಕೂಡಿಸಿ ಕೆರೆ ಕಟ್ಟಿಸಿದ. ತನ್ನ ಊರನ್ನೇ ಎರಡನೆಯ ಶ್ರೀಶೈಲ ಮಾಡಲು ಹೊರಟ. ಒಂದು ಬೆಟ್ಟ ಒಬ್ಬ ಮನುಷ್ಯನೊಳಗೆ ಪೂರ್ತಿ ಇಳಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದ ನೆನಪಿನಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಬೆಟ್ಟದ ದರ್ಶನದ ನಿಜವಾದ ಫಲವನ್ನು ಅಳೆಯಬೇಕಾದದ್ದು ಎಷ್ಟು ತುದಿ ಮುಟ್ಟಿದೆವು ಎಂಬುದರಿಂದಲ್ಲ, ಮರಳಿ ಬಂದ ಊರಿನಲ್ಲಿ ನಾವು ಹೇಗೆ ಬದುಕುತ್ತೇವೆ ಎಂಬುದರಿಂದ. ಆದ್ದರಿಂದ ಒಂದು ಸಣ್ಣ ವ್ರತವನ್ನು ಈ ಬಡಾವಣೆಯ ಮನೆಗಳು ಹಿಡಿಯಬಹುದು. ಒಂದು ವಾರಾಂತ್ಯಕ್ಕೆ ಒಂದೇ ಬೆಟ್ಟ. ಮೊದಲು ಬುಡದ ಗುಡಿ, ಆಮೇಲೆ ಏರು. ಮೇಲೆ ಹೋದ ಮೇಲೆ ಅವಸರವಿಲ್ಲದ ಒಂದಷ್ಟು ಹೊತ್ತು. ಸಾಧ್ಯವಾದರೆ ಮುಂದಿನ ಸಲವೂ ಅದೇ ಬೆಟ್ಟಕ್ಕೆ, ಬೇರೆ ಋತುವಿನಲ್ಲಿ, ಮಳೆಯಲ್ಲಿ ನೋಡಿದ್ದನ್ನು ಬಿಸಿಲಿನಲ್ಲಿ ನೋಡಲು. ಹೀಗೆ ನಾಲ್ಕಾರು ಸಲ ಹೋದ ಮಕ್ಕಳಿಗೆ ಒಂದು ಬೆಟ್ಟದ ಕಲ್ಲು, ಮರ, ನೀರು, ಅರ್ಚಕರ ಮುಖ ಎಲ್ಲ ಪರಿಚಯವಾಗುತ್ತದೆ, ಆ ಪರಿಚಯದಿಂದ ಕಾಳಜಿ ಹುಟ್ಟುತ್ತದೆ. ಐದು ಬೆಟ್ಟ ಕಂಡವರಿಗೆ ಹೇಳಿಕೊಳ್ಳಲು ಹೆಚ್ಚು ಇರಬಹುದು. ಒಂದು ಬೆಟ್ಟದ ಮಾತು ಕೇಳಿ ನಡೆದವರಿಗೆ ನಲ್ಲಿ ತಿರುಗಿಸುವಾಗಲೂ, ಕಸ ಎಸೆಯುವಾಗಲೂ, ಬಿಡುವಿನ ದಿನವನ್ನು ಕಳೆಯುವಾಗಲೂ ಒಂದು ಮಿತಿ ನೆನಪಾಗುತ್ತದೆ. ಧರ್ಮವೆಂದರೆ ಹೀಗೆ ಮಿತಿಯನ್ನು ಪ್ರೀತಿಯಿಂದ ಒಪ್ಪಿಕೊಂಡು ನಡೆಯುವುದು ಎಂದು ನಂಬಿದವರಿಗೆ ಬೇರೆ ದಾರಿ ನನಗೆ ಕಾಣುವುದಿಲ್ಲ.